ಜೊಂಡಿಯ ಪಕ್ಕದ ಖಾಲಿ ಸೀಟು

ನನ್ನ ಅಪ್ಪ ವೆಲಾಫಿ ಜೊಂಡಿಗೆ ನಮ್ಮ ಕರಿಯರ ಬಡಾವಣೆ ಇಂಬಾಲಿಯಲ್ಲಿ ಒಂದು ಹೆಸರಿತ್ತು. ಅದನ್ನು ಯಾರೂ ಅವನ ಎದುರಿಗೆ ಹೇಳುತ್ತಿರಲಿಲ್ಲ. ಇಂಪಿಂಪಿ, ಅಂದರೆ ಪೊಲೀಸರಿಗೆ ಸುದ್ದಿ ಮುಟ್ಟಿಸುವವನು. ಬಿಳಿಯರ ಸರ್ಕಾರದ ಕಾಲದಲ್ಲಿ ಆ ಹೆಸರು ಬಿದ್ದವರ ಕೊರಳಿಗೆ ಟೈರು ಹಾಕಿ ಬೆಂಕಿ ಹಚ್ಚಿದ್ದೂ ಉಂಟು. ಅಪ್ಪನನ್ನು ಬಿಟ್ಟರು. ಅವನು ಜಿಬುಯಿಲೆಯ ಅಣ್ಣ ಎಂಬುದೊಂದೇ ಕಾರಣ.

ಜಿಬುಯಿಲೆ ನನ್ನ ಸೋದರತ್ತೆ. ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದವಳು, ಅಲ್ಲಿನ ಹೆಂಗಸರನ್ನೆಲ್ಲ ಸೇರಿಸಿ ಸಂಘ ಕಟ್ಟಿದಳು. ಬಸ್ ದರ ಏರಿದಾಗ ಇಡೀ ಇಂಬಾಲಿಯನ್ನು ತಿಂಗಳುಗಟ್ಟಲೆ ನಡೆಸಿಕೊಂಡೇ ಕೆಲಸಕ್ಕೆ ಕರೆದೊಯ್ದಳು. ಎಂಬತ್ತಾರರಲ್ಲಿ ಅಡಗಿದ್ದ ಮನೆಯಿಂದ ಅವಳನ್ನು ಎಳೆದೊಯ್ದರು. ಠಾಣೆಯ ಸೆಲ್‌ನಲ್ಲಿ ಕಾಲು ಜಾರಿ ಬಿದ್ದು ಸತ್ತಳು ಎಂದು ಹೇಳಿ ಹೆಣ ಕೊಟ್ಟರು. ಅದನ್ನು ನಂಬಿದವರು ಯಾರೂ ಇಲ್ಲ. ಆದರೆ ಅಡಗಿದ್ದ ಜಾಗ ಹೇಳಿಕೊಟ್ಟವರು ಯಾರು ಎಂಬ ಪ್ರಶ್ನೆ ಉಳಿಯಿತು. ಮಣ್ಣು ಮಾಡಿದ ಮರುವಾರ ಅಪ್ಪ ಆ ಠಾಣೆಯ ಹಿಂಬಾಗಿಲಿನಿಂದ ಒಬ್ಬ ಕಾನ್‌ಸ್ಟೇಬಲ್ ಜೊತೆ ಹೊರಗೆ ಬಂದಿದ್ದನ್ನು ನಮ್ಮ ಬೀದಿಯ ಮಾಶೆಜಿ ನೋಡಿದಳು. ಆಮೇಲೆ ಬಸ್ಸಿನಲ್ಲಿ ನಮಸ್ಕಾರ ಹೇಳಿದರೆ ಅವನು ಮುಖ ತಿರುಗಿಸಿದನಂತೆ. ಅಲ್ಲಿಗೆ ಉತ್ತರ ಸಿಕ್ಕಿತು ಎಂದುಕೊಂಡರು.

ಅಪ್ಪ ಬೂಟು ಕಾರ್ಖಾನೆಯಲ್ಲಿ ಅಟ್ಟೆ ಅಂಟಿಸುತ್ತಿದ್ದ. ಸಂಜೆ ಮನೆಯಲ್ಲೂ ಬೂಟು ರಿಪೇರಿ ಮಾಡುತ್ತಿದ್ದ. ದೂರದ ಬಡಾವಣೆಗಳಿಂದ ಬೂಟು ಬರುತ್ತಿದ್ದವು, ನಮ್ಮ ಬೀದಿಯಿಂದ ಒಂದು ಜೋಡಿಯೂ ಬರಲಿಲ್ಲ. ಬೀದಿಯವರು ಯಾರೂ ನಮ್ಮ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಯಾರಾದರೂ ಸತ್ತರೆ ಗುಂಡಿಗೆ ಮಣ್ಣು ತುಂಬುವ ಸನಿಕೆ ಗಂಡಸರ ಕೈಯಿಂದ ಕೈಗೆ ಹೋಗುತ್ತದಲ್ಲ, ಅದು ಅಪ್ಪನ ಹತ್ತಿರ ಬಂದು ಅವನನ್ನು ದಾಟಿ ಮುಂದಿನವರಿಗೆ ಹೋಗುತ್ತಿತ್ತು. ಅಪ್ಪ ಹ್ಯಾಟು ಕೈಯಲ್ಲಿ ಹಿಡಿದು ಕೊನೆಯವರೆಗೂ ನಿಂತಿರುತ್ತಿದ್ದ. ಚಿಕ್ಕವಳಿದ್ದಾಗ ನನಗೆ ಅವನ ಮೇಲೆಯೇ ಸಿಟ್ಟು ಬರುತ್ತಿತ್ತು. ಹೌದೋ ಅಲ್ಲವೋ ಒಂದು ಮಾತು ಆಡಬಾರದೇ?

ಇಂಥ ಮನೆಗೆ ಒಂದು ದಿನ ನಾಟಕದವರು ಬಂದರು. ತಂಡದ ಮುಖ್ಯಸ್ಥೆ ಸಿನೆಗುಗು ಎಂಬ ಹುಡುಗಿ. ಕಿವಿತುಂಬ ರಿಂಗು, ಬಾಯಿತುಂಬ ನಗು. ನನಗೆ ಅಷ್ಟೊಂದು ನಗುವವರನ್ನು ಕಂಡರೆ ಆಗುವುದಿಲ್ಲ.

"ಬೊನಕೆಲೆ ಅಕ್ಕ, ನಿಮ್ಮ ಅತ್ತೆ ಜೀವನದ ಮೇಲೆ ನಾಟಕ ಮಾಡ್ತಾ ಇದ್ದೀವಿ," ಎಂದಳು.

"ಈಗ್ಯಾಕೆ ನೆನಪಾದ್ಲು? ಎಲೆಕ್ಷನ್ ಹತ್ರ ಬಂತಾ?"

"ಅಯ್ಯೋ ಇಲ್ಲಕ್ಕ. ಮಕ್ಕಳಿಗೆ ಅವರು ಯಾರಂತಾನೇ ಗೊತ್ತಿಲ್ಲ."

"ನಾಟಕದಲ್ಲಿ ಇಂಪಿಂಪಿ ಪಾರ್ಟು ಇದೆಯಾ?"

ಅವಳ ನಗು ನಿಂತಿತು. "ಕೋಟು ಹಾಕ್ಕೊಂಡಿರೋ ಒಬ್ಬ ಮನುಷ್ಯ ಬರ್ತಾನೆ," ಎಂದಳು. "ಹೆಸರು ಹೇಳಲ್ಲ."

ಹೆಸರು ಹೇಳುವ ಅಗತ್ಯವೇನಿದೆ, ಇಂಬಾಲಿಯ ನಾಯಿಗಳಿಗೂ ಗೊತ್ತು! ಬೀದಿಯಲ್ಲಿ ಪಿಸುಗುಟ್ಟುತ್ತಿದ್ದದ್ದನ್ನು ಇನ್ನು ಹಾಲ್‌ನಲ್ಲಿ ದೀಪ ಹಾಕಿ ತೋರಿಸುತ್ತಾರೆ, ಅಪ್ಪ ಸಾಯುವ ಮೊದಲೇ ಅವನ ಹೆಸರನ್ನು ಹೂಳುತ್ತಾರೆ ಎಂದು ನನಗನ್ನಿಸಿತು. ಗೇಟು ತೋರಿಸಿದೆ. ಒಳಗಿನಿಂದ ಅಪ್ಪ, "ನಾಟಕ ಎಲ್ಲಿ ಕಲೀತಿದ್ದೀರಮ್ಮ? ನಾನೂ ಬರ್ತೀನಿ," ಎಂದ.

ಮರುದಿನ ನಾನೂ ಅವನ ಹಿಂದೆಯೇ ಹೋದೆ. ಹಾಲ್‌ನಲ್ಲಿ ಸಂದಿಲೆ ಎಂಬ ಉದ್ದನೆಯ ಯುವಕ ಕೋಟು ಹಾಕಿಕೊಂಡು ಠಾಣೆಯಿಂದ ಕಳ್ಳನಂತೆ ಹೊರಗೆ ಬಂದ. ಕುರ್ಚಿಗಳನ್ನು ಸಾಲಾಗಿಟ್ಟು ಬಸ್ ಮಾಡಿದ್ದರು. ಒಬ್ಬಳು ನಮಸ್ಕಾರ ಹೇಳಿದಳು. ಅವನು ಉತ್ತರಿಸದೆ ಮುಖ ತಿರುಗಿಸಿ ಕೂತ.

"ತಪ್ಪು," ಎಂದ ಅಪ್ಪ.

ನಾನು ಅವನ ತೋಳು ಹಿಡಿದೆ. ಅಪ್ಪ ಬಿಡಿಸಿಕೊಂಡ. "ಅವನು ಎರಡು ಟಿಕೆಟ್ ತಗೊಂಡಿದ್ದ. ಪಕ್ಕದ ಸೀಟಿನ ಮೇಲೆ ಕೈ ಇಟ್ಕೊಂಡಿದ್ದ. ಮಾಶೆಜಿ ಕೂತ್ಕೋತೀನಿ ಅಂದ್ರೂ ಬಿಡ್ಲಿಲ್ಲ."

ಅತ್ತೆಯ ತಾಯಿಯ ಪಾತ್ರ ಮಾಡುತ್ತಿದ್ದ ಹಿರಿಯ ಹೆಂಗಸು ಮೆಲ್ಲಗೆ ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ! ಟೊಂಗೆ ಎಲ್ಲಿತ್ತು ಜೊಂಡಿ?"

"ಕೋಟಿನ ಒಳಗೆ."

ನಮ್ಮಲ್ಲಿ ಯಾರಾದರೂ ಮನೆಯಿಂದ ಹೊರಗೆ ಸತ್ತರೆ, ಸತ್ತ ಜಾಗಕ್ಕೇ ಹೋಗಿ, ಮುಳ್ಳಿನ ಎಲಚಿ ಟೊಂಗೆ ಹಿಡಿದು, ಹೆಸರು ಕೂಗಿ ಅವರ ಆತ್ಮವನ್ನು ಮನೆಗೆ ಕರೆದು ತರಬೇಕು. ಟೊಂಗೆ ಹಿಡಿದವನು ಸತ್ತವರ ಜೊತೆ ಬಿಟ್ಟು ಬೇರೆ ಯಾರ ಜೊತೆಯೂ ಮಾತಾಡಬಾರದು. ಬಸ್ಸಿನಲ್ಲಿ ಅವರಿಗೂ ಟಿಕೆಟ್, ಅವರಿಗೂ ಸೀಟು. ಟೊಂಗೆ ಕಾಣಿಸಿದ್ದರೆ ಮಾಶೆಜಿಯೇ ತಲೆಬಾಗಿ ದಾರಿ ಬಿಡುತ್ತಿದ್ದಳು. ಪೊಲೀಸರ ಕಣ್ಣಿಗೆ ಬೀಳದಿರಲಿ ಎಂದು ಅಪ್ಪ ಅದನ್ನು ಮುಚ್ಚಿಟ್ಟುಕೊಂಡಿದ್ದನಂತೆ. ಸೆಲ್ ಬಾಗಿಲು ತೆಗೆದುಕೊಟ್ಟದ್ದು ಆ ಕಾನ್‌ಸ್ಟೇಬಲ್.

"ಮಾರನೇ ದಿನಾನೇ ಹೇಳ್ಬಹುದಿತ್ತಲ್ಲ?" ಸಿನೆಗುಗು ಕೇಳಿದಳು.

"ಬಾಗಿಲು ತೆಗೆದೋನ್ಯಾರು ಅಂತ ಕೇಳ್ತಿದ್ರು. ಮೇಲಿನೋರಿಗೆ ಗೊತ್ತಾದ್ರೆ ಅವನನ್ನೂ ಅದೇ ಸೆಲ್‌ನಲ್ಲಿ ಜಾರಿಸಿ ಬೀಳಿಸ್ತಿದ್ರು. ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದ್ದೆ. ಸರ್ಕಾರ ಬದಲಾದ ಮೇಲೂ ಆ ಮಾತಿಂದ ಅವನು ನನ್ನನ್ನ ಬಿಡಿಸ್ಲಿಲ್ಲ. ಕಳೆದ ಚಳಿಗಾಲದಲ್ಲಿ ಹೋದ."

ಸಿನೆಗುಗು ಕಣ್ಣೊರೆಸಿಕೊಂಡಳು. ನನಗೆ ಕಣ್ಣೀರು ಬರಲಿಲ್ಲ. ಸತ್ತ ಕಾನ್‌ಸ್ಟೇಬಲ್ ಬಂದು ಸಾಕ್ಷಿ ಹೇಳುವುದಿಲ್ಲವಲ್ಲ! ನಾಟಕದವರ ಬಾಯಿ ಮುಚ್ಚಿಸಲು ಅಪ್ಪ ಕಥೆ ಕಟ್ಟಿದನೇ ಎಂಬ ಹುಳು ನನ್ನ ತಲೆ ಹೊಕ್ಕಿತು. ಹೆತ್ತ ಮಗಳಿಗೇ ಹೀಗನ್ನಿಸಿದರೆ ಬೀದಿಯವರು ಬಿಟ್ಟಾರೆಯೇ?

ನಾಟಕದ ವಾರ ಅಪ್ಪ, "ಜೋಳದ ಬಿಯರ್ ಹಾಕು. ದೊಡ್ಡ ಹಂಡೆಗೇ ಹಾಕು," ಎಂದ.

"ಯಾರು ಕುಡಿಯೋದು? ನಾನು, ನೀನಾ?"

"ನಾಟಕದ ಹುಡುಗರು ಬರ್ತಾರೆ."

ಐದಾರು ಹುಡುಗರಿಗೆ ಒಂದು ಹಂಡೆ ಬಿಯರ್ ಯಾಕೆ ಎಂದು ಅನುಮಾನ ಬಂತು. ಆದರೂ ಹಾಕಿದೆ. ನಾಟಕದ ದಿನ ಬೆಳಿಗ್ಗೆ ಅಪ್ಪ ಗುಡ್ಡದ ಕಡೆಯಿಂದ ಬಂದ, ಕೈಮೇಲೆಲ್ಲ ಗೀರು. ಕೇಳಿದರೆ "ಬೆಕ್ಕು" ಎಂದ. ನಮ್ಮ ಬೀದಿಯಲ್ಲಿ ಬೆಕ್ಕೇ ಇಲ್ಲ.

ಮಧ್ಯಾಹ್ನ ಹಾಲ್ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಮಾಶೆಜಿ, ಕೋಲು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಲಾಂಡ್ರಿಯ ಹಾಡಿಗೆ ಮುದುಕಿಯರೆಲ್ಲ ದನಿಗೂಡಿಸಿದರು. ಅತ್ತೆ ಸತ್ತಾಗ ಅತ್ತರು. ಕೋಟಿನ ಮನುಷ್ಯ ಬಂದೊಡನೆ ಹಿಂದಿನಿಂದ ಯಾರೋ "ಇಂಪಿಂಪಿ!" ಎಂದು ಉಗಿದರು. ಎಲ್ಲರ ಕತ್ತೂ ಅಪ್ಪನತ್ತ ತಿರುಗಿತು.

ಅಪ್ಪ ಹೇಳಿದ ಹಾಗೆಯೇ ಸಂದಿಲೆ ಸೆಲ್ ಒಳಗೆ ಮಂಡಿಯೂರಿ ಕೋಟಿನಿಂದ ಟೊಂಗೆ ತೆಗೆದ. "ಜಿಬುಯಿಲೆ ಜೊಂಡಿ! ನೊಂಡಾಬ! ಗಗಾಶೆ! ಏಳು, ಮನೆಗೆ ಹೋಗೋಣ," ಎಂದು ಕುಲದ ಹೆಸರುಗಳನ್ನು ಸೇರಿಸಿ ಕೂಗಿದ. ಆಗ ಮಾಶೆಜಿ ಕೋಲೂರಿ ಎದ್ದಳು.

"ಏಯ್ ಹುಡುಗಿ! ಅದು ನಿಜವಾದ ಟೊಂಗೆ!"

ಸಿನೆಗುಗು ಪರದೆಯ ಹಿಂದಿನಿಂದ ಓಡಿ ಬಂದಳು. "ಇಲ್ಲ ಅಜ್ಜಿ, ನಾವು ಕಾಗದದ್ದು ಮಾಡಿ..." ಎನ್ನುತ್ತ ನೋಡಿದಳು. ಮುಳ್ಳು, ಹಸಿರೆಲೆ, ಎಲ್ಲ ನಿಜ. ಯಾರೋ ಬದಲಾಯಿಸಿದ್ದರು.

"ನಿಜವಾದ ಟೊಂಗೆ ಹಿಡಿದು ನಿಜವಾದ ಹೆಸರು ಕೂಗಿದ್ದೀರಿ! ಇಲ್ಲೇ ಬಿಟ್ಟು ಹೋಗ್ತೀರಾ ಅವಳನ್ನ, ಈ ಕುರ್ಚಿಗಳ ಮಧ್ಯೆ?"

"ಅಜ್ಜಿ, ಇದು ನಾಟಕ..."

"ನಿಂಗೆ ನಾಟಕ. ಅವಳಿಗೆ?"

ಸಂದಿಲೆ ಬೆವರುತ್ತಿದ್ದ. ಏನು ಕೇಳಿದರೂ ಬಾಯಿ ತೆರೆಯಲಿಲ್ಲ. ಟೊಂಗೆ ಹಿಡಿದವನು ಮಾತಾಡಬಾರದೆಂದು ಅವನಿಗೂ ಗೊತ್ತಿತ್ತು. ಮೆಟ್ಟಿಲಿಳಿದು ಬಾಗಿಲ ಕಡೆಗೆ ನಡೆದ. ಹೋಗಬೇಕಾದ ಮನೆ ಒಂದೇ, ನಮ್ಮದು. ಜಿಬುಯಿಲೆಯನ್ನು ಒಂಟಿಯಾಗಿ ಕಳಿಸುವುದು ಸಾಧ್ಯವೇ? ಮಾಶೆಜಿ ಅವನ ಹಿಂದೆ ಹೊರಟಳು. ಆಮೇಲೆ ಒಂದೊಂದೇ ಸಾಲು ಎದ್ದಿತು.

ಇಡೀ ಹಾಲ್ ಬೀದಿಯಲ್ಲಿ ತುಟಿಪಿಟಕ್ಕೆನ್ನದೆ ನಡೆಯಿತು. ನಾನು ಅಪ್ಪನ ಪಕ್ಕ ಹೋಗಿ, "ನಿನ್ನದೇ ಕೆಲಸ ಅಲ್ವಾ?" ಎಂದು ಪಿಸುಗುಟ್ಟಿದೆ. ಅಪ್ಪ ಮುಂದೆ ನೋಡುತ್ತ ನಡೆದ.

ನಮ್ಮ ಗೇಟಿನ ಹತ್ತಿರ ಜನ ಹಿಂಜರಿದರು. ಒಳಗೆ ಕಾಲಿಡಲೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಸಂದಿಲೆ ನಿಲ್ಲಲಿಲ್ಲ, ಹಾಗಾಗಿ ಅವರೂ ನಿಲ್ಲುವಂತಿರಲಿಲ್ಲ. ಹಿಂದಿನ ಕೋಣೆಯಲ್ಲಿ, ಹಿರಿಯರಿಗೆಂದು ಬಿಟ್ಟ ಗೋಡೆಯ ಬುಡದಲ್ಲಿ ಅವನು ಟೊಂಗೆ ಇಟ್ಟ. ಅಪ್ಪ ಮಂಡಿಯೂರಿ, "ನಾಟಕ ನೋಡಿ ಬಂದ್ಯಾ ತಂಗೀ? ಕೂತ್ಕೋ," ಎಂದ. ಅವನ ದನಿ ಒಡೆದದ್ದನ್ನು ಆಗಲೇ ನಾನು ಮೊದಲ ಸಲ ಕೇಳಿದ್ದು. ಕಥೆ ಕಟ್ಟಿದವರ ದನಿ ಹಾಗೆ ಒಡೆಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅಂಗಳ ತುಂಬಿಹೋಗಿತ್ತು. ಎಲ್ಲರೂ ಕೈ ತೊಳೆದರು, ಯಾರೂ ಕೂರಲಿಲ್ಲ. ನಾನು ಮಣ್ಣಿನ ಮಡಕೆಯಲ್ಲಿ ಬಿಯರ್ ತುಂಬಿ ತಂದೆ. ವಿಷ ಹಾಕಿಲ್ಲವೆಂದು ತೋರಿಸಲು ಮನೆಯ ಯಜಮಾನ ಮೊದಲು ಕುಡಿದು, ಆಮೇಲೆ ಬಂದವರಿಗೆ ಕೊಡಬೇಕು. ಎಷ್ಟೇ ಆಪ್ತರಿದ್ದರೂ ಇದು ತಪ್ಪುವುದಿಲ್ಲ. ಅಪ್ಪ ಹ್ಯಾಟು ತೆಗೆದು, ಎರಡೂ ಕೈಯಲ್ಲಿ ಮಡಕೆ ಎತ್ತಿ ಬಾಯಿಯ ಹತ್ತಿರ ತಂದ. ಎಲ್ಲರ ಕಣ್ಣೂ ಅವನ ಗಂಟಲ ಮೇಲಿತ್ತು.

ಮಾಶೆಜಿ ಮುಂದೆ ಬಂದಳು. ಕೋಲನ್ನು ನೆಲಕ್ಕೆ ಬಿಟ್ಟು, ಅವನ ತುಟಿಗೆ ತಾಗುವ ಮೊದಲೇ ಮಡಕೆಗೆ ಕೈ ಹಾಕಿದಳು.

"ಇತ್ತ ಕೊಡು ಜೊಂಡಿ," ಎಂದಳು. "ಮೊದಲು ನಾನು ಕುಡೀತೀನಿ."