ನನ್ನ ಮೊದಲ ಟರ್ಕಿಶ್ ವಾಕ್ಯ

ಗೆಳೆಯರೇ, ನಮ್ಮ ಆನ್‌ಲೈನ್ ಟರ್ಕಿಶ್ ತರಗತಿಯಲ್ಲಿ ಎಲ್ಲರೂ ತಮ್ಮ ಗುರಿ ಬರೆಯಬೇಕಿತ್ತು. ಒಬ್ಬರು ಇಸ್ತಾಂಬುಲ್‌ನಲ್ಲಿ ಓದಬೇಕು ಎಂದರು, ಇನ್ನೊಬ್ಬರು ಕೆಲಸ ಹಿಡಿಯಬೇಕು ಎಂದರು. ನಾನು ಬರೆದದ್ದು, "ಗಂಡನ ಜೊತೆ ಗುಟ್ಟಾಗಿ ಮಾತಾಡಬೇಕು."

ನಗಬೇಡಿ! ಸಿಂಧನೂರಿನ ಈ ತುಂಬಿದ ಮನೆಯಲ್ಲಿ ಮಾವನಿಗೆ ಉರ್ದು ಬರುತ್ತದೆ, ಅತ್ತೆಗೆ ತೆಲುಗು, ನಾದಿನಿಗೆ ನನಗಿಂತ ಚೆನ್ನಾಗಿ ಇಂಗ್ಲಿಷ್. ಮದುವೆಯಾಗಿ ಎರಡು ತಿಂಗಳಾದರೂ ನಾವಿಬ್ಬರೇ ಕೂತು ಒಂದು ಕಪ್ ಚಹಾ ಕುಡಿದಿಲ್ಲ. ಅದಕ್ಕೇ ಇಬ್ಬರೂ ತರಗತಿಗೆ ಸೇರಿದೆವು.

ಇವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ರೊಟ್ಟಿ ಬಡಿಸುತ್ತಾ ನನ್ನ ಮೊದಲ ಪೂರ್ತಿ ಟರ್ಕಿಶ್ ವಾಕ್ಯವನ್ನು ಗಂಡನಿಗೆ ಹೇಳಿಯೇಬಿಟ್ಟೆ.

ನನ್ನ ಬಂಗಾರದಂಥ ಗಂಡನ ಮುಖ ಅರಳಿತು. "ತಿಳೀತು, ಪೂರಾ ತಿಳೀತು! ಸಂಜೀಕ ಯಾರಿಗೂ ಹೇಳದಂಗ ನಾವಿಬ್ಬರೇ ಮಸ್ಕಿ ಗುಡ್ಡಕ್ಕ ಹೋಗೂಣು ಅಂದಿ. ಕರೆಕ್ಟ್ ಐತಿಲ್ಲೋ?" ಎಂದು ಕೂಗಿದರು.

ನನಗೆ ಸಾರಿನ ಪಾತ್ರೆಯೊಳಗೆ ಇಳಿದುಬಿಡೋಣ ಅನ್ನಿಸಿತು.

ನಾದಿನಿ ಕೇಳಿದಳು, "ವೈನೀ, ಇದಕ್ಕ ಕ್ಲಾಸ್ ಬ್ಯಾರೆ ಹಚ್ಚೀರೇನು?"

ಅತ್ತೆ ಮಾತ್ರ ಖುಷಿಯಾಗಿಬಿಟ್ಟರು. "ಯಾರಿಗೂ ಹೇಳದಂಗ ಯಾಕವಾ? ನಾವೂ ಬರ್ತೀವಿ. ಮಂಡಾಳ ಒಗ್ಗರಣಿ ಕಟ್ಟಿಕೊಂಡು ಹೋಗೂಣು!"

ಈಗ ಮಸ್ಕಿ ಗುಡ್ಡದ ಮೇಲೆ ಮನೆಯ ಎಂಟೂ ಜನ ಮಂಡಕ್ಕಿ ಒಗ್ಗರಣೆ ತಿನ್ನುತ್ತಾ ಕೂತಿದ್ದೇವೆ. ನನಗೂ ಗಂಡನಿಗೂ ನಡುವೆ ಅತ್ತೆ ಕೂತಿದ್ದಾರೆ. ಟರ್ಕಿಶ್ ನಾನು ಹೇಗೋ ಕಲಿಯುತ್ತೇನೆ. ಗಂಡನಿಗೆ ಪಿಸುಮಾತು ಕಲಿಸುವ ತರಗತಿ ಎಲ್ಲಾದರೂ ಇದ್ದರೆ ದಯವಿಟ್ಟು ಹೇಳಿ.