ಜೋಳವಾಗಿಯೇ ತಿರುಗಿ ಬಂದ ಡಬ್ಬಿ

ಗಿರಣಿ ಕಾಕಾನ ಹುಬ್ಬು ಕಪ್ಪೋ ಬಿಳುಪೋ ಎಂಬುದು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಗಿರಣಿಯ ಪಟ್ಟಾ ತಿರುಗಿದ್ದೇ ತಡ, ಹುಬ್ಬು, ರೆಪ್ಪೆ, ಕಿವಿಯೊಳಗಿನ ಕೂದಲು, ಮೂಗಿನ ತುದಿ ಎಲ್ಲದರ ಮೇಲೂ ಜೋಳದ ಹಿಟ್ಟು ಕೂತುಬಿಡುತ್ತಿತ್ತು. ಅದರ ನಡುವೆ ಎಲೆ ಅಡಿಕೆಯಿಂದ ಕೆಂಪಾದ ಬಾಯಿ. ಮದುವೆಯಾಗಿ ನವನಗರದ ಈ ಓಣಿಗೆ ಬಂದ ಹೊಸದರಲ್ಲಿ ಡಬ್ಬಿ ಹೊತ್ತು ಗಿರಣಿಗೆ ಹೋದ ನಾನು ಆ ಮುಖ ನೋಡಿ ಬೆದರಿ ಹಿಂದೆ ಸರಿದಿದ್ದೆ. "ಅಂಜಬ್ಯಾಡ ತಂಗಿ, ಹಿಟ್ಟು ಝಾಡಿಸಿದ್ರ ಒಳಗ ಮನಶ್ಯಾನ ಅದಾನ," ಎಂದು ನಕ್ಕ.

ನಮ್ಮ ಮನೆಗೂ ಗಿರಣಿಗೂ ನಡುವೆ ಒಂದೇ ಗೋಡೆ. ಹಳೆಯ ಬಾಗಲಕೋಟೆಯಲ್ಲಿ ಅವನ ಅಪ್ಪನ ಕಾಲದ ಗಿರಣಿ ಇತ್ತಂತೆ. ಅಣೆಕಟ್ಟಿನ ಹಿನ್ನೀರು ಬಂದು ಆ ಓಣಿ ಮುಳುಗಿದಾಗ ಎಲ್ಲರಂತೆ ಅವನಿಗೂ ಇಲ್ಲೊಂದು ಮನೆ ಜಾಗ ಸಿಕ್ಕಿತು. ಹಿಂದಿನ ಅರ್ಧದಲ್ಲಿ ಮನೆ ಕಟ್ಟಿದ, ಮುಂದಿನ ಅರ್ಧದಲ್ಲಿ ಅಪ್ಪನ ಕಲ್ಲುಗಳನ್ನೇ ತಂದು ಗಿರಣಿ ಹೂಡಿದ. ಮನೆ ಕಟ್ಟಲು ಕೊಟ್ಟ ಜಾಗದಲ್ಲಿ ಗಿರಣಿ ಹಾಕಬಹುದೇ ಎಂದು ಅವನೂ ಕೇಳಲಿಲ್ಲ, ಓಣಿಯವರೂ ಕೇಳಲಿಲ್ಲ. ರೊಟ್ಟಿ ತಿನ್ನುವ ಊರಿಗೆ ಗಿರಣಿ ಬೇಕೇ ಬೇಕಲ್ಲ!

ಗಿರಣಿಯಲ್ಲಿ ಪಾಳಿ ನಡೆಯುತ್ತಿದ್ದುದು ಮಂದಿಯದಲ್ಲ, ಕಾಳಿನದು. ಜೋಳದ ಹಿಂದೆ ಜೋಳ, ಗೋದಿಯ ಹಿಂದೆ ಗೋದಿ. ನೀವು ಯಾರೇ ಇರಿ, ಎಷ್ಟು ದೊಡ್ಡ ಗಾಡಿಯಲ್ಲೇ ಬನ್ನಿ, ಗೋದಿ ತಂದಿದ್ದರೆ ಜೋಳದ ಡಬ್ಬಿಗಳು ಮುಗಿಯುವ ತನಕ ಕಟ್ಟೆಯ ಮೇಲೆ ಕೂಡಬೇಕು. ಒಮ್ಮೆ ಪ್ಯಾಟಿಯ ಕಡೆಯಿಂದ ಬಂದ ಒಬ್ಬಾಕೆ, "ನನ್ನ ಹಿಟ್ಟಿನ್ಯಾಗ ಮುಂದಿನಾಕಿ ಹಿಟ್ಟು ಕೂಡತೈತಿ, ಮೊದಲ ಕಲ್ಲು ಸ್ವಚ್ಛ ಮಾಡ್ರಿ," ಎಂದು ಮೂಗು ಮುರಿದಳು. ಕಾಕಾ ಯಂತ್ರದ ಸದ್ದಿನ ಮೇಲೆ ಸದ್ದು ಮಾಡಿ ಹೇಳಿದ: "ಯವ್ವಾ, ಮುಂದಿನಾಕಿದು ಒಂದು ಹಿಡಿ ನಿನ್ನ ಡಬ್ಬ್ಯಾಗ ಬರತೈತಿ, ನಿಂದು ಒಂದು ಹಿಡಿ ಹಿಂದಿನಾಕಿ ಡಬ್ಬಿಗೆ ಹೋಗತೈತಿ. ಓಣಿ ಅಂದ್ರ ಅಷ್ಟ ನೋಡು." ಆಕೆ ಮತ್ತೆ ಬರಲಿಲ್ಲ. ಬರದಿದ್ದರೆ ಬಿಡಲಿ ಎಂದು ನಾವೆಲ್ಲ ಹೊಟ್ಟೆ ತುಂಬ ನಕ್ಕೆವು.

ನನ್ನ ಯಜಮಾನರು ಲಾರಿ ಓಡಿಸುತ್ತಿದ್ದರು. ಒಂದು ಸಲ ಹೋದವರು ಜೀವಂತ ತಿರುಗಿ ಬರಲಿಲ್ಲ. ಸೂತಕ ಕಳೆದರೂ ನಾನು ಮೂಲೆ ಬಿಟ್ಟು ಏಳಲಿಲ್ಲ. ಎರಡು ಮಕ್ಕಳಿದ್ದವು, ಕೈಯಲ್ಲಿ ಕಸುಬಿರಲಿಲ್ಲ, ಅಳುವುದೊಂದೇ ಕೆಲಸ. ಆಗ ಕಾಕಾ ಬಂದು ಬಾಗಿಲ ಹೊರಗೇ ನಿಂತು, ಒಳಗೆ ನೋಡದೆ ಹೇಳಿದ: "ತಂಗಿ, ಗಿರಣಿಗೆ ಬಂದವರೆಲ್ಲಾ ಕೇಳತಾರ, ಬಡದ ರೊಟ್ಟಿ ಎಲ್ಲಿ ಸಿಗತಾವು ಅಂತ. ನಾ ನಿನ್ನ ಮನಿ ತೋರಿಸೇನಿ. ನಾಳಿಂದ ಬರ್ತಾರ. ಒಲಿ ಹಚ್ಚು." ನನ್ನನ್ನು ಕೇಳದೆ ಹೇಳಿಬಿಟ್ಟಿದ್ದ ಮಹಾರಾಯ! ಸಿಟ್ಟು ಬಂತು. ಸಿಟ್ಟಿನಲ್ಲೇ ಎದ್ದೆ, ಸಿಟ್ಟಿನಲ್ಲೇ ಒಲೆ ಹಚ್ಚಿದೆ. ಖಡಕ್ ರೊಟ್ಟಿಗೆ ಹಿಟ್ಟು ನುಣ್ಣಗಿರಬೇಕು ಎಂದು ನನ್ನ ಜೋಳ ಬರುವ ಮೊದಲು ಕಾಕಾ ಕಲ್ಲಿಗೆ ಉಳಿಯಿಂದ ಟಾಕಿ ಹೊಡೆದು ಹದ ಮಾಡಿಕೊಳ್ಳುತ್ತಿದ್ದ. ಬರಬರುತ್ತ ಖಾನಾವಳಿಯವರು, ಮದುವೆಯವರು ಹುಡುಕಿಕೊಂಡು ಬಂದರು. ನನ್ನಂತೆಯೇ ಗಂಡನಿಲ್ಲದ ಇಬ್ಬರು ಹೆಣ್ಣುಮಕ್ಕಳು ನನ್ನ ಜತೆ ರೊಟ್ಟಿ ಬಡಿಯಲು ಕೂತರು.

ಗಿರಣಿಯ ಎದುರಿಗೆ ಒಂದು ಬಯಲಿದೆ. ನಮ್ಮ ಬಾಯಲ್ಲಿ ಅದಕ್ಕೆ 'ತೋಟ' ಎಂದೇ ಹೆಸರು. ನೋಡಿದರೆ ನಗು ಬರಬೇಕು, ನಾಲ್ಕು ಬೇವಿನ ಗಿಡ ಬಿಟ್ಟರೆ ಬರೀ ಜಾಲಿ. ಆದರೆ ಊರಿನ ನಕಾಶೆಯಲ್ಲಿ ಅದು ಉದ್ಯಾನ. ಮಕ್ಕಳು ಕ್ರಿಕೆಟ್ ಆಡುವುದು ಅಲ್ಲಿ, ನಾವು ಸಂಡಿಗೆ ಒಣಹಾಕುವುದು ಅಲ್ಲಿ, ಬಸವ ಜಯಂತಿಯ ಪ್ರಸಾದದ ಪೆಂಡಾಲು, ರಂಜಾನ್ ಸಂಜೆಯ ಇಫ್ತಾರು ಎಲ್ಲವೂ ಅಲ್ಲಿ. ಒಂದು ದಿನ ಆ ಬೇವಿನ ಗಿಡಕ್ಕೆ ನೋಟಿಸು ಬಿತ್ತು. ಆ ಜಾಗದ ಹಳೆಯ ಹಕ್ಕುದಾರರು ಒಬ್ಬ ಬಿಲ್ಡರನ ಜತೆ ಕೂಡಿ ಅಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಕಟ್ಟುತ್ತಾರಂತೆ. ಅದಕ್ಕಾಗಿ ನಕಾಶೆಯಲ್ಲಿ 'ಉದ್ಯಾನ' ಎಂದಿದ್ದನ್ನು 'ವಸತಿ' ಎಂದು ಬದಲಿಸಲು ಅರ್ಜಿ ಹಾಕಿದ್ದಾರಂತೆ. ತಕರಾರು ಇದ್ದವರು ಬರೆದುಕೊಡಬೇಕಂತೆ.

ಗಿರಣಿಯ ಕಟ್ಟೆಯೇ ನ್ಯಾಯದ ಕಟ್ಟೆಯಾಯಿತು. ಮೂಲೆ ಮನೆಯ ನಿವೃತ್ತ ಬ್ಯಾಂಕ್ ಸಾಹೇಬರು ಅಪಾರ್ಟ್‌ಮೆಂಟಿನ ಪರ. "ಲಿಫ್ಟ್ ಬರತೈತಿ, ಕೆಳಗ ಅಂಗಡಿ ಬರತಾವು, ನಮ್ಮ ಮನಿಗೂ ಕಿಮ್ಮತ್ತು ಬರತೈತಿ. ಜಾಲಿ ಗಿಡಾ ಕಾಯ್ಕೊಂಡು ಕುಂಡ್ರತೀರೇನು?" ಎಂದರು. ಅದಕ್ಕೆ ಹತ್ತು ಬಾಯಿ ಅವರ ಮೇಲೆ ಬಿದ್ದವು. ಆದರೆ ಅವರ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ನರ್ಸ್ ಹುಡುಗಿ ಡಬ್ಬಿ ಕೆಳಗಿಟ್ಟು ಕೇಳಿದಳು: "ನಿಮಗೆಲ್ಲಾ ಮನಿ ಐತ್ರಿ. ನಮ್ಮಂಥಾವರು ಎಲ್ಲಿ ಇರಬೇಕು? ವರ್ಷಕ್ಕೊಮ್ಮೆ ಗಂಟು ಮೂಟಿ ಕಟ್ಟತೇನಿ ನಾ."

ಕಾಕಾ ಯಂತ್ರ ನಿಲ್ಲಿಸಿದ. ಅವನು ಪಾಳಿಯ ನಡುವೆ ಯಂತ್ರ ನಿಲ್ಲಿಸಿದ್ದನ್ನು ನಾನು ನೋಡಿರಲಿಲ್ಲ. "ನೀ ಅನ್ನೂದು ಖರೆ ಐತಿ ಬೇಟಿ. ಮನಿ ಕಟ್ಟಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ, ಬ್ಯಾರೆ ಕಡೆ ಭಾಳ ಜಾಗಾ ಐತಿ, ಕಟ್ಟಲಿ. ಆದರ ನಮಗ ಈ ನಕಾಶೆ ತೋರಿಸಿ ಕರಕೊಂಡು ಬಂದಾರ. ಊರು ಮುಳಗತಿತ್ತು, ನಮ್ಮಪ್ಪ ಬರಾಂಗಿಲ್ಲ ಅಂತ ಕಲ್ಲ ಮ್ಯಾಲೆ ಕುಂತಿದ್ದ. ಆಗ ಇದನ್ನ ಹಾಸಿ ತೋರಿಸಿದ್ರು, ಇದು ನಿಮ್ಮ ಸಾಲಿ, ಇದು ನಿಮ್ಮ ದವಾಖಾನಿ, ಇದು ನಿಮ್ಮ ತೋಟ. ಅದನ್ನ ನೋಡಿ ಮುದುಕ ಎದ್ದ. ಇವತ್ತ ಒಂದು ಅಳಿಸಿದ್ರ ನಾಳೆ ಏನ್ ಉಳಿತೈತಿ?" ಎಂದ. ಆ ಹುಡುಗಿ ತನ್ನ ಡಬ್ಬಿಯನ್ನು ಪಾಳಿಗೆ ಸರಿಸಿದಳು. ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ.

ತಕರಾರು ಬರೆದದ್ದೂ ಗಿರಣಿಯಲ್ಲೇ, ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಹಾಳೆ ಇಟ್ಟು. ಎದುರು ಮನೆಯ ಪೋಸ್ಟ್ ಮಾಸ್ತರರು ಬರೆಯುತ್ತಿದ್ದರು, ಕಾಕಾ ಹೇಳುತ್ತಿದ್ದ. "ಬರೀರಿ ಮಾಸ್ತರ, ನಕಾಶೆಯೊಳಗ ಮನಿ ಅಂತ ಇದ್ದಲ್ಲಿ ಮನೀನ ಇರಬೇಕು, ತೋಟ ಅಂತ ಇದ್ದಲ್ಲಿ ತೋಟಾನ ಇರಬೇಕು. ಬ್ಯಾರೆ ಏನೂ ಆಗಬಾರದು." ಭೇಷ್ ಭೇಷ್ ಎಂದೆವು ಎಲ್ಲರೂ. ಗಿರಣಿಯೊಳಗೆ ನಿಂತು, ಗಿರಣಿಯ ಹಿಟ್ಟು ಮೈಮೇಲೆ ಬೀಳುತ್ತಿರುವಾಗ, ಹಿಟ್ಟಾದ ಕೈಯಲ್ಲೇ ಸಹಿ ಮಾಡಿದೆವು. ಅಯ್ಯೋ ನಮ್ಮ ಬುದ್ಧಿಯೇ! ನಾವು ಸಹಿ ಮಾಡುತ್ತಿರುವುದು ಯಾವ ಜಾಗದಲ್ಲಿ ನಿಂತು ಎಂಬುದು ಒಬ್ಬರಿಗಾದರೂ ಹೊಳೆಯಬಾರದೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ವಿಚಾರಣೆಯ ದಿನ ಓಣಿಗೆ ಓಣಿಯೇ ಕಚೇರಿಗೆ ಹೋಯಿತು. ನಾನೂ ರೊಟ್ಟಿ ಬಡಿಯುವ ನನ್ನ ಜತೆಗಾರ್ತಿಯರೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಕಾಕಾ ಅಂದು ಮುಖ ತೊಳೆದು ಬಂದಿದ್ದ. ಹುಬ್ಬು ಪೂರ್ತಿ ನೆರೆತಿತ್ತು. ಬಿಲ್ಡರನ ಕಡೆಯ ವಕೀಲ ನಮ್ಮ ತಕರಾರಿನ ಆ ಸಾಲನ್ನು ಎಲ್ಲರಿಗೂ ಕೇಳುವಂತೆ ಓದಿದ. ಓದಿ ನಕ್ಕ. "ಭಾಳ ಚಲೋ ಬರದೀರಿ. ಮನಿ ಅಂತ ಇದ್ದಲ್ಲಿ ಬ್ಯಾರೆ ಏನೂ ಆಗಬಾರದು. ಹಂಗಾದ್ರ ಈ ಓಣ್ಯಾಗ ಮನಿ ಜಾಗದಾಗ ಏನೇನ್ ಧಂದೆ ನಡದಾವು, ಒಂದೊಂದಾಗಿ ಹೇಳಲೇನ್ರಿ? ಮೊದಲನೇದು ಹಿಟ್ಟಿನ ಗಿರಣಿ. ಆಮ್ಯಾಲ..." ಎಂದು ನಮ್ಮ ಸಾಲಿನ ಕಡೆ ಕತ್ತು ಹೊರಳಿಸಿದ. ಪಕ್ಕದಲ್ಲಿದ್ದವಳು ನನ್ನ ಕೈ ಗಟ್ಟಿ ಹಿಡಿದಳು.

ಕಾಕಾ ಎದ್ದು ನಿಂತ. "ಆಮ್ಯಾಲ ಅನ್ನೂದು ಬ್ಯಾಡ್ರಿ ವಕೀಲ ಸಾಹೇಬ್ರ. ಬರಿಸಿದಾಂವ ನಾ. ಗಿರಣಿ ನಂದು, ತಪ್ಪೂ ನಂದು. ಇವತ್ತ ಬಂದ್ ಮಾಡತೇನಿ. ಮುಗೀತಲ್ಲ? ಇನ್ನ ತೋಟದ ಮಾತು ಆಡೂಣು ಬರ್ರಿ."

ಮುಂದೆ ಕೂತ ಅಧಿಕಾರಿ, "ಹಿರಿಯರ, ವಿಚಾರ ಮಾಡಿ ಹೇಳ್ರಿ," ಎಂದರು. ಪಾಪ, ಅವರ ದನಿಯಲ್ಲಿ ಮರುಕವಿತ್ತು. ಕಾಕಾ, "ವಿಚಾರ ಮಾಡೇ ಎದ್ದೇನ್ರಿ," ಎಂದ. ವಕೀಲ ಹಾಳೆ ಮಡಚಿ ಕೂತ.

ಅಂದು ಮಧ್ಯಾಹ್ನ ಗಿರಣಿಯಲ್ಲಿ ಪಾಳಿಗೆ ಇಟ್ಟ ಡಬ್ಬಿಗಳು ಹಾಗೇ ಇದ್ದವು. ಅವನ್ನಾದರೂ ಬೀಸಿ ಮುಗಿಸು ಎಂದು ಮಾಸ್ತರರು ಹೇಳಿದರು. "ಇವತ್ತ ಅಂದೇನಿ ಮಾಸ್ತರ, ನಾಳೆ ಅಂದಿಲ್ಲ," ಎಂದ. ಒಂದೊಂದೇ ಡಬ್ಬಿ ಹೆಗಲ ಮೇಲಿಟ್ಟುಕೊಂಡು ಮನೆ ಮನೆಗೆ ಹೊತ್ತು ನಡೆದ. ಯಾರಿಗೂ ಕೈ ಹಚ್ಚಲು ಬಿಡಲಿಲ್ಲ. ನನ್ನ ಡಬ್ಬಿ ಜೋಳವಾಗಿ ಹೋಗಿ ಜೋಳವಾಗಿಯೇ ತಿರುಗಿ ಬಂತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಯಾರ್ ಹೇಳಿದ್ರು ನಿನಗ ಎದ್ದು ನಿಂದ್ರಾಕ? ಊರ ಉಸಾಬರಿ ಎಲ್ಲಾ ನಿಂದ ಏನ್ ಕಾಕಾ?" ಎಂದು ಬಾಗಿಲಲ್ಲೇ ಕೂಗಾಡಿದೆ.

ಅವನು ಡಬ್ಬಿ ಇಳಿಸಿ ಸುಧಾರಿಸಿಕೊಂಡ. "ಆಮ್ಯಾಲ ಅಂದಾಗ ಅಂವ ಯಾರ ಕಡೆ ನೋಡತಿದ್ದ, ನೀ ನೋಡಿದಿಲ್ಲ ತಂಗಿ? ನನ್ನ ಗಿರಣಿ ಬಂದಾದ್ರ ಒಂದು ಮಷಿನ್ ಬಂದಾತು. ನಿನ್ನ ಒಲಿ ಆರಿದ್ರ ಮೂರು ಮನಿ ಒಲಿ ಆರತಾವು. ಲೆಕ್ಕ ಅಷ್ಟ." ಹೀಗೆಂದು ಮುಂದಿನ ಡಬ್ಬಿ ತರಲು ಹೋದ. ನಾನು ಜೋಳದೊಳಗೆ ಕೈಯಿಟ್ಟುಕೊಂಡು ಅತ್ತೆ.

ಕೆಲ ತಿಂಗಳ ಮೇಲೆ ಬಿಲ್ಡರನ ಅರ್ಜಿ ವಜಾ ಆಯಿತು. ತೋಟ ತೋಟವಾಗಿಯೇ ಉಳಿಯಿತು, ಹುಡುಗರು ಬೇವಿನ ಗಿಡದ ಕೆಳಗೆ ಪಟಾಕಿ ಹಚ್ಚಿದರು. ಕಾಕಾ ತನ್ನ ಕಟ್ಟೆಯ ಮೇಲೆ ಕೂತು ನೋಡಿದ. ಗಿರಣಿಗೆ ಪರವಾನಗಿ ಕೊಡಿ ಎಂದು ಈಗ ನಾವೇ ಒಂದು ಅರ್ಜಿ ಹಾಕೋಣ ಎಂದು ಮಾಸ್ತರರು ಹೊರಟರೆ ಅವನು ಕೈ ಮುಗಿದ. "ತೋಟಕ್ಕೊಂದು ನ್ಯಾಯ, ಗಿರಣಿಗೊಂದು ನ್ಯಾಯ ಅಂತ ಕೇಳಾಕ ಯಾವ ಮಾರಿ ಹೊತ್ತು ಹೋಗ್ಲಿ? ಬಿಡ್ರಿ."

ಜನ ಹೇಗಿರುತ್ತಾರೆ ನೋಡಿ. ತೋಟ ಉಳಿದ ಖುಷಿ ಇಳಿಯುವ ಮೊದಲೇ ಗೊಣಗಾಟ ಸುರುವಾಯಿತು. ಡಬ್ಬಿ ಹೊತ್ತು ಪ್ಯಾಟಿಯ ಗಿರಣಿಗೆ ಹೋಗಬೇಕಲ್ಲ! "ಮಾತು ಹಿಡಕೊಂಡು ಕುಂತ್ರ ಹೊಟ್ಟಿ ತುಂಬತೈತೇನು, ಮುದುಕಗ ಹಟಾ ಭಾಳ," ಎಂದು ಅವನ ಕಟ್ಟೆಯ ಮುಂದೆಯೇ ಸ್ಕೂಟರ್ ನಿಲ್ಲಿಸಿ ಆಡಿಕೊಂಡವರಿದ್ದಾರೆ. ಅವರ ನಾಲಿಗೆ ಸೇದಿಹೋಗಲಿ ಎಂದು ನಾನು ಎಷ್ಟೋ ಸಲ ಶಪಿಸಿದ್ದೇನೆ. ಅವನು ಮಾತ್ರ, "ಖರೆ ಐತಿ, ತ್ರಾಸ ಆಗೇತಿ ಅವರಿಗೆ," ಎನ್ನುತ್ತಿದ್ದ.

ಕೆಲಸವಿಲ್ಲದ ಕೈ ಅವನಿಗೆ ಹೊರೆಯಾಯಿತು. ಕೂತಲ್ಲೇ ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜುತ್ತಿದ್ದ, ಹಿಟ್ಟಿನ ಹದ ನೋಡುತ್ತಿದ್ದಾನೋ ಎಂಬಂತೆ. ನಾನು ದಿನಾ ರೊಟ್ಟಿ ಕೊಡಲು ಹೋಗುತ್ತಿದ್ದೆ. ಪ್ಯಾಟಿಯ ಗಿರಣಿಯ ಹಿಟ್ಟಿನ ರೊಟ್ಟಿ. ಮೊದಲ ದಿನ ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. "ಚಲೋ ಬೀಸ್ಯಾನ," ಎಂದ. ಆಮೇಲೆ ಮುಖ ಗೋಡೆಯ ಕಡೆ ತಿರುಗಿಸಿಕೊಂಡ. ನನಗೆ ಆ ಪ್ಯಾಟಿಯ ಗಿರಣಿಯವನು ಕೆಟ್ಟದಾಗಿ ಬೀಸಿದ್ದರೇ ಒಳ್ಳೆಯದಿತ್ತು ಎನ್ನಿಸಿತು. ಇಳಕಲ್ಲಿಗೆ ಕೊಟ್ಟ ಮಗಳು ಬಂದು ಕರೆದಳು. ಅವನು ಹೋಗಲಿಲ್ಲ. "ಸದ್ದಿಲ್ಲದ ಮನ್ಯಾಗ ಅವರಿಗೆ ನಿದ್ದೀನ ಬರವಲ್ದು," ಎಂದು ಅವನ ಹೆಂಡತಿ ಕಾಕಿ ನನ್ನ ಹತ್ತಿರ ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು.

ಮರು ಬೇಸಿಗೆಯ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ಕಾಕಿಯ ಕೂಗು ಗೋಡೆಯಾಚೆಯಿಂದ ಕೇಳಿಸಿತು. ಅಂದು ತೋಟದಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆರಳು ಸಾಲದೆ ಜನ ಬಿಸಿಲಲ್ಲೇ ನಿಂತಿದ್ದರು. ಆಡಿಕೊಂಡವರೂ ನಿಂತಿದ್ದರು, ಬ್ಯಾಂಕ್ ಸಾಹೇಬರೂ ನಿಂತಿದ್ದರು. ಆ ನರ್ಸ್ ಹುಡುಗಿ ಆಗಲೇ ಬೇರೆ ಬಾಡಿಗೆ ಮನೆಗೆ ಹೋಗಿದ್ದಳು, ಸುದ್ದಿ ಕೇಳಿ ಡ್ಯೂಟಿಯ ಬಟ್ಟೆಯಲ್ಲೇ ಓಡಿ ಬಂದಳು. ಹೆಗಲು ಕೊಡಲು ಗಂಡಸರು ನಾ ಮುಂದೆ ತಾ ಮುಂದೆ ಎಂದರು.

ಮರುದಿನ ನಾನು ಒಲೆ ಹಚ್ಚಲಿಲ್ಲ. ಜತೆಯ ಹೆಣ್ಣುಮಕ್ಕಳನ್ನೂ ಬರಬೇಡಿ ಎಂದಿದ್ದೆ. ಅದರ ಮರುದಿನವೂ ಹಚ್ಚಲಿಲ್ಲ, ಕೈ ಏಳಲೇ ಇಲ್ಲ. ಗಂಡ ಸತ್ತಾಗ ಕೂತ ಮೂಲೆಯಲ್ಲೇ ಹೋಗಿ ಕೂತೆ. ಕಾಕಿ ಗಂಡ ಸತ್ತ ಮೇಲೆ ಮುಸಲ್ಮಾನ ಹೆಂಗಸರು ಪಾಲಿಸುವ ಇದ್ದತ್ತಿನಲ್ಲಿದ್ದಳು, ಹೊರಗೆ ಬರುವಂತಿರಲಿಲ್ಲ. ಹೊತ್ತು ಏರಿದ ಮೇಲೆ ಗೋಡೆಯಾಚೆಯಿಂದ ಅವಳ ದನಿ ಬಂತು. ಅತ್ತು ಅತ್ತು ಒಡೆದ ದನಿ.

"ಏನ್ ಬೇ, ಯಾಕ್ ಗಪ್ ಕುಂತಿ? ಎರಡು ದಿನಾತು ನಿಮ್ಮ ಮನಿಯಾಗ ರೊಟ್ಟಿ ಸಪ್ಪಳಿಲ್ಲ. ಗಿರಣಿ ಯಾಕ್ ಬಂದ್ ಮಾಡಿದ್ರು ಅವರು? ನೀ ಹಿಂಗ ಕುಂಡ್ರಲಿ ಅಂತೇನು? ಏಳು. ಬಡಿ. ನಾ ಕೇಳಬೇಕು."

ಎದ್ದೆ. ಎಸರಿಟ್ಟೆ, ಹಿಟ್ಟು ನಾದಿದೆ. ಮೊದಲ ರೊಟ್ಟಿ ಹರಿದುಹೋಯಿತು, ಎರಡನೆಯದೂ ಹರಿಯಿತು. ಗೋಡೆಯಾಚೆ ಕಾಕಿ ಕಿವಿಗೊಟ್ಟು ಕೂತಿದ್ದಾಳೆಂದು ನನಗೆ ಗೊತ್ತಿತ್ತು. ಅವಳಿಗೆ ಕೇಳಲಿ ಎಂದು ಜೋರಾಗಿ ಬಡಿದೆ.