ಬೆಳಕಿಗೆ ಹಿಡಿದು ನೋಡುವಾಕೆ

ಬನಹಟ್ಟಿಯಲ್ಲಿ ನಮ್ಮ ಪಕ್ಕದ ಮನೆಯಾಕೆಗೆ ಮಗ್ಗದಿಂದ ಇಳಿದ ಸೀರೆಗಳಲ್ಲಿ ತಪ್ಪು ಹುಡುಕುವ ಕೆಲಸ. ನೇಕಾರರು ಆಣೆ ಮಾಡಿದರೂ ನಂಬುತ್ತಿರಲಿಲ್ಲ. “ಬೆಳಕಿಗೆ ಹಿಡೀರಿ, ಆಮ್ಯಾಲ ಮಾತಾಡ್ರಿ” ಅನ್ನುತ್ತಿದ್ದಳು. ನಾನು ಕೊಟ್ಟ ಬಟ್ಟಲು ಸಕ್ಕರೆಯನ್ನೂ ಬಾಗಿಲ ಬೆಳಕಿಗೆ ಒಯ್ದು ನೋಡಿಯೇ ಮನೆಗೆ ಹೋಗುವಳು.

ಆಕೆಯ ಅಕ್ಕ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಹಾಗಾಗಿ ಈಕೆಯನ್ನೂ ಮಿರಜಿನ ಆಸ್ಪತ್ರೆಗೆ ಕರೆದೊಯ್ದು ಸ್ತನದ ಎಕ್ಸ್‌ರೇ ತೆಗೆಸಿದೆ.

“ಮೂರು ಬಿಳಿ ಚುಕ್ಕಿ ಕಾಣಾಕತ್ತಾವ,” ಎಂದರು ಡಾಕ್ಟರು. “ಕ್ಯಾನ್ಸರ್ ಈಗ ಸುರು ಆಗಿರಬಹುದು. ಗಂಟಾಗೂ ಮೊದಲ ಒಮ್ಮೊಮ್ಮೆ ಹಿಂಗ ಕಾಣತೈತಿ.”

“ಸುಳ್ಳ ಹೇಳಬ್ಯಾಡ್ರಿ. ನಾ ದಿನಾ ಮುಟ್ಟಿ ನೋಡಕೋತೇನಿ, ಕೈಗೆ ಏನೂ ಹತ್ತೂದಿಲ್ಲ. ನಿಮಗ ಕೊಯ್ಯಾಕ ಒಂದು ನೆಪ ಬೇಕು.”

“ಕೈಗೆ ಹತ್ತೂದಿಲ್ಲರೀ. ಕಣ್ಣಿಗಷ್ಟ ಕಾಣತೈತಿ.”

ಆಕೆ ಫಿಲ್ಮನ್ನು ಅವರ ಕೈಯಿಂದ ಕಸಿದುಕೊಂಡು ಕಿಟಕಿಯ ಹತ್ತಿರ ಹೋದಳು. ಸೀರೆಯ ಸೆರಗು ಹಿಡಿದಂತೆ ಎರಡೂ ಕೈಯಿಂದ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನಿಂತಳು. ಸಣ್ಣ ಉಪ್ಪು ಉದುರಿಸಿದಂಥ ಚುಕ್ಕೆಗಳು ನನಗೂ ಕಂಡವು.

“ಮೂರು ಅಂದ್ರೆಲ್ಲರೀ?” ಎಂದಳು, ಹಿಂದಿರುಗಿ ನೋಡದೆ. “ಐದ ಅದಾವ.”

ಡಾಕ್ಟರು ಭೂತಗನ್ನಡಿ ತಂದು ನೋಡಿದರು.

ಐದೇ ಇದ್ದವು.